ಕೊಟ್ಟ ಕೈಯನ್ನು ನೆನೆಯೋಣ: ತೆನೆ ಹಬ್ಬ ಕಲಿಸುವ ಚರಿತ್ರೆಯ ಪಾಠ



ಸೆಪ್ಟೆಂಬರ್ 8ರಂದು ಧರ್ಮಸಭೆಯು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಆಚರಿಸುತ್ತದೆ. ಕರಾವಳಿಯ ನಮ್ಮ ಕುಟುಂಬಗಳಿಗೆ ಅದು ಮೊಂತಿ ಹಬ್ಬ, ತೆನೆ ಹಬ್ಬ, ಹೊಸ ಅಕ್ಕಿಯ ಊಟದ ದಿನ. ಅಲ್ಲಿಂದ ಬಂದ ಗುರುಗಳು, ಕನ್ಯಾಸ್ತ್ರೀಯರು, ಶಿಕ್ಷಕರು, ದಾದಿಯರು ಬಯಲುಸೀಮೆಗೆ ಕಾಲಿಟ್ಟಾಗ ಈ ಹಬ್ಬವೂ ಅವರ ಜೊತೆ ಘಟ್ಟ ಹತ್ತಿತು. ಆದರೆ ಬನಹಟ್ಟಿಯಂಥ ಊರಿನಲ್ಲಿ ಈ ಹಬ್ಬ ಬಂದಾಗ ಒಂದು ಸಣ್ಣ ತೊಡಕು ಎದುರಾಗುತ್ತದೆ. ತೆನೆ ಹಬ್ಬವೇನೋ ಸರಿ, ಯಾವ ತೆನೆ? ಜಮಖಂಡಿ, ಮುಧೋಳ, ರಬಕವಿ–ಬನಹಟ್ಟಿಯ ಸುತ್ತ ಭತ್ತದ ಗದ್ದೆಗಳಿಲ್ಲ. ಇಲ್ಲಿರುವುದು ಕಬ್ಬು, ಅರಿಶಿನ, ಗೋವಿನಜೋಳ. ಬಿಳಿಜೋಳ ತೆನೆ ಕಟ್ಟುವುದು ಸಂಕ್ರಾಂತಿಯ ಹೊತ್ತಿಗೆ. ಇನ್ನು ಊರೊಳಗೆ ಬಂದರೆ ಬೀದಿ ಬೀದಿಯಲ್ಲಿ ಕೇಳಿಸುವುದು ಮಗ್ಗದ ಸದ್ದು. ಹೊಲವೇ ಇಲ್ಲದ ನೇಕಾರನ ಮಗು ತೆನೆ ಹಬ್ಬದ ದಿನ ಪೀಠದ ಮುಂದೆ ಏನನ್ನು ತಂದು ಇಡಬೇಕು?

ಮೇಲ್ನೋಟಕ್ಕೆ ಇದು ಮಕ್ಕಳ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಕ್ರೈಸ್ತರಾದ ನಾವು ದಿನನಿತ್ಯದ ಬದುಕಿನಲ್ಲಿ ಕೃತಜ್ಞರಾಗಿರುವುದು ಹೇಗೆ ಎಂಬ ದೊಡ್ಡ ಪ್ರಶ್ನೆಗೂ ಉತ್ತರ ಸಿಗುತ್ತದೆ. ಆದ್ದರಿಂದ ಈ ಹಬ್ಬದ ಚರಿತ್ರೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಪದದೊಳಗೇ ಇರುವ ಪಾಠ

ಮೊದಲು ಪದವನ್ನೇ ನೋಡೋಣ. ‘ಕೃತ’ ಎಂದರೆ ಮಾಡಿದ್ದು. ‘ಜ್ಞ’ ಎಂದರೆ ತಿಳಿದವನು. ತನಗಾಗಿ ಯಾರು ಏನು ಮಾಡಿದರು ಎಂಬುದನ್ನು ತಿಳಿದವನೇ ಕೃತಜ್ಞ. ಇದರ ವಿರುದ್ಧ ಪದವಂತೂ ಇನ್ನೂ ಕಟುವಾದದ್ದು. ‘ಕೃತಘ್ನ’ ಎಂದರೆ ಮಾಡಿದ ಉಪಕಾರವನ್ನು ಕೊಂದವನು. ನಮ್ಮ ಹಿರಿಯರ ದೃಷ್ಟಿಯಲ್ಲಿ ಉಪಕಾರ ಮರೆಯುವುದು ಬರೀ ಅಸಡ್ಡೆಯಾಗಿರಲಿಲ್ಲ, ಒಂದು ಬಗೆಯ ಕೊಲೆಯೇ ಆಗಿತ್ತು.

ನಮ್ಮ ಹಳ್ಳಿಗಳಲ್ಲಿ ‘ಧನ್ಯವಾದ’ ಎಂಬ ಮಾತು ಅಷ್ಟಾಗಿ ಬಳಕೆಯಲ್ಲಿಲ್ಲ. ಅದು ಸಭೆಯ ಮಾತು, ವಂದನಾರ್ಪಣೆಯ ಮಾತು. ಆದರೆ ಉಪ್ಪುಂಡ ಮನೆಗೆ ಎರಡು ಬಗೆಯಬೇಡ ಎಂಬ ಗಾದೆ ಎಲ್ಲರಿಗೂ ಗೊತ್ತು. ಅನ್ನದ ಋಣ, ಉಪ್ಪಿನ ಋಣ, ಹಾಲಿನ ಋಣ ಎಂಬ ಮಾತುಗಳು ನಾಲಿಗೆಯ ತುದಿಯಲ್ಲಿಯೇ ಇವೆ. ಅಂದರೆ ನಮ್ಮವರು ಕೃತಜ್ಞತೆಯನ್ನು ಬಾಯಿಮಾತಿಗಿಂತ ಹೆಚ್ಚಾಗಿ ನೆನಪಿನಲ್ಲಿ ಇಟ್ಟುಕೊಂಡವರು. ತಿಳಿಯದೆ, ನೆನೆಯದೆ ಯಾರೂ ಕೃತಜ್ಞರಾಗಲಾರರು. ಹಾಗಾಗಿ ಚರಿತ್ರೆ ಮರೆತ ಮನೆಯಲ್ಲಿ ಕೃತಜ್ಞತೆ ಬೆಳೆಯುವುದಿಲ್ಲ.

ಒಂಬತ್ತು ಮಂದಿ ಕೆಟ್ಟವರೇ?

ಸಂತ ಲೂಕರ ಶುಭಸಂದೇಶದ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ಕಥೆಯಿದೆ. ಹತ್ತು ಮಂದಿಯೂ ದೂರದಲ್ಲಿ ನಿಂತು ಯೇಸುವನ್ನು ಕೂಗಿ ಕರೆದರು. ಹತ್ತು ಮಂದಿಯೂ ಅವರ ಮಾತಿನಂತೆ ಯಾಜಕರ ಬಳಿಗೆ ಹೊರಟರು. ಹತ್ತು ಮಂದಿಯೂ ಗುಣವಾದರು. ಹಿಂತಿರುಗಿ ಬಂದವನು ಒಬ್ಬನೇ, ಅವನೂ ಪರಕೀಯನೆನಿಸಿದ ಸಮಾರಿಯದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಪ್ರಭು ಕೇಳುತ್ತಾರೆ.

ಆ ಒಂಬತ್ತು ಮಂದಿಯನ್ನು ನಾವು ಸುಲಭವಾಗಿ ದೂಷಿಸುತ್ತೇವೆ. ಅವರ ಸ್ಥಿತಿಯನ್ನು ಸ್ವಲ್ಪ ಯೋಚಿಸೋಣ. ಎಷ್ಟೋ ವರ್ಷ ಊರ ಹೊರಗಿದ್ದವರು. ಒಬ್ಬನಿಗೆ ಹೆಂಡತಿಯ ಮುಖ ನೋಡುವ ಆತುರವಿದ್ದೀತು, ಇನ್ನೊಬ್ಬನಿಗೆ ಮಗುವನ್ನು ಎತ್ತಿಕೊಳ್ಳುವ ಆಸೆ. ಅವರು ಯೇಸುವನ್ನು ಬೈಯಲಿಲ್ಲ, ದ್ವೇಷಿಸಲಿಲ್ಲ. ಮನೆಯ ಕಡೆ ಓಡಿದರು, ಅಷ್ಟೇ. ನಾವೂ ಹಾಗೆಯೇ ಅಲ್ಲವೇ? ಜ್ವರ ಬಂದಾಗ ನವೇನ, ಪರೀಕ್ಷೆ ಬಂದಾಗ ಹರಕೆ, ಫಲಿತಾಂಶ ಬಂದ ಮೇಲೆ ಸಿಹಿ ಹಂಚುವ ಗಡಿಬಿಡಿ. ನಮ್ಮ ಕೃತಘ್ನತೆ ಹೆಚ್ಚಿನ ಸಲ ದುಷ್ಟತನದಿಂದ ಹುಟ್ಟುವುದಿಲ್ಲ, ಅವಸರದಿಂದ ಹುಟ್ಟುತ್ತದೆ.

ಅವಸರದ ಮನುಷ್ಯನನ್ನು ನಿಲ್ಲಿಸಿ ಹಿಂತಿರುಗಿ ನೋಡುವಂತೆ ಮಾಡುವುದು ಹೇಗೆ? ದೇವಜನರು ಇದಕ್ಕೆ ಕಂಡುಕೊಂಡ ದಾರಿ ಹಬ್ಬ. ಮನಸ್ಸಿಗೆ ಬಂದಾಗ ವಂದಿಸುತ್ತೇವೆ ಎಂದರೆ ಆ ದಿನ ಬರುವುದೇ ಇಲ್ಲ. ಅದಕ್ಕೆಂದೇ ಒಂದು ದಿನವನ್ನು ಗೊತ್ತುಮಾಡಿದರು, ಕೈಗೆ ಒಂದು ಬುಟ್ಟಿಯನ್ನು ಕೊಟ್ಟರು.

ಬುಟ್ಟಿಯ ಜೊತೆ ಒಂದು ಕಥೆ

ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 26ನೆಯ ಅಧ್ಯಾಯವನ್ನು ಓದಿ ನೋಡಿ. ಬೆಳೆಯ ಪ್ರಥಮ ಫಲವನ್ನು ಬುಟ್ಟಿಯಲ್ಲಿಟ್ಟು ಯಾಜಕನ ಬಳಿಗೆ ತರಬೇಕು. ಬುಟ್ಟಿ ಇಟ್ಟು ಸುಮ್ಮನೆ ಹೋಗುವಂತಿಲ್ಲ. ತಂದವನು ಒಂದು ಕಥೆಯನ್ನು ಬಾಯಿಬಿಟ್ಟು ಹೇಳಬೇಕು. ತನ್ನ ಪೂರ್ವಜ ಅಲೆಮಾರಿಯಾಗಿದ್ದುದು, ಈಜಿಪ್ಟಿನಲ್ಲಿ ಜೀತ ಮಾಡಿದ್ದು, ದೇವರು ಕೈಹಿಡಿದು ಬಿಡಿಸಿದ್ದು, ಈ ನೆಲವನ್ನು ಕೊಟ್ಟದ್ದು, ಎಲ್ಲವನ್ನೂ ಹೇಳಬೇಕು. ಆಮೇಲೆ ಲೇವಿಯರನ್ನೂ ಊರಲ್ಲಿರುವ ಪರದೇಶಿಯನ್ನೂ ಕೂಡಿಸಿಕೊಂಡು ಸಂತೋಷಪಡಬೇಕು.

ಇಲ್ಲಿ ಮೂರು ಸಂಗತಿಗಳಿವೆ. ಕೈಯಲ್ಲಿ ಕಾಣಿಕೆ, ಬಾಯಲ್ಲಿ ಚರಿತ್ರೆ, ಪಂಕ್ತಿಯಲ್ಲಿ ಬಡವ. ಈ ಮೂರರಲ್ಲಿ ಒಂದು ತಪ್ಪಿದರೂ ಪ್ರಥಮ ಫಲದ ಹಬ್ಬ ಪೂರ್ಣವಾಗುವುದಿಲ್ಲ. ನಮ್ಮ ದಿವ್ಯಬಲಿಪೂಜೆಯೂ ಇದೇ ಹಾದಿಯಲ್ಲಿದೆ. ಆದಿ ಕ್ರೈಸ್ತರು ಅದಕ್ಕೆ ಇಟ್ಟ ಗ್ರೀಕ್ ಹೆಸರು ‘ಯೂಖರಿಸ್ತಿಯ’, ಅಂದರೆ ಕೃತಜ್ಞತಾ ಸ್ತುತಿ. ರೊಟ್ಟಿ ಮತ್ತು ದ್ರಾಕ್ಷಾರಸ ಕೈಯಲ್ಲಿ, ಕ್ರಿಸ್ತನ ಪಾಡು ಮರಣ ಪುನರುತ್ಥಾನದ ನೆನಪು ಬಾಯಲ್ಲಿ, ಒಂದೇ ರೊಟ್ಟಿಯಲ್ಲಿ ಪಾಲು ಎಲ್ಲರಿಗೂ.

ನೇತ್ರಾವತಿಯ ದಂಡೆಯಿಂದ

ಮರಿಯಮ್ಮನವರ ಜನನೋತ್ಸವ ಬಹಳ ಪ್ರಾಚೀನವಾದದ್ದು. ಮೊದಲು ಪೂರ್ವದ ಧರ್ಮಸಭೆಯಲ್ಲಿ ಆಚರಣೆಯಲ್ಲಿದ್ದ ಈ ಹಬ್ಬ ಆಮೇಲೆ ರೋಮಿಗೆ ಬಂತು. 687ರಿಂದ 701ರವರೆಗೆ ಪೋಪ್ ಆಗಿದ್ದ ಒಂದನೆಯ ಸೆರ್ಜಿಯುಸ್ ಅವರು ಈ ದಿನ ರೋಮಿನಲ್ಲಿ ಮೆರವಣಿಗೆ ನಡೆಯುವಂತೆ ಏರ್ಪಡಿಸಿದರು. ನಮ್ಮ ನಾಡಿನಲ್ಲಿ ಈ ದಿನಕ್ಕೆ ಹೊಸ ತೆನೆ ಸೇರಿಕೊಂಡಿತು. ಹೊಸ ಬೆಳೆಯನ್ನು ಮನೆಗೆ ತಂದು ವಂದಿಸಿ ಉಣ್ಣುವುದು ಈ ನೆಲದ ಹಳೆಯ ಪದ್ಧತಿ. ಕೊಡಗಿನ ಪುತ್ತರಿ, ಮಲೆನಾಡು ಮತ್ತು ತುಳುನಾಡಿನ ಹೊಸತು ಊಟ ಇವೆಲ್ಲ ಅದರದೇ ಬೇರೆ ಬೇರೆ ರೂಪಗಳು. ಗೋವೆಯಿಂದ ಹದಿನಾರನೆಯ ಮತ್ತು ಹದಿನೇಳನೆಯ ಶತಮಾನಗಳಲ್ಲಿ ಕೆನರಾ ಕರಾವಳಿಗೆ ವಲಸೆ ಬಂದ ಕಥೋಲಿಕ ಕುಟುಂಬಗಳೂ ಬೇಸಾಯದ ಜನರೇ. ತೆನೆಯನ್ನು ಅವರು ತಾಯಿಯ ಹುಟ್ಟುಹಬ್ಬದ ದಿನ ದೇವಾಲಯಕ್ಕೆ ತಂದರು.

ಮಂಗಳೂರಿನ ಹತ್ತಿರ ನೇತ್ರಾವತಿ ನದಿಯ ದಂಡೆಯಲ್ಲಿ ಫರಂಗಿಪೇಟೆ ಎಂಬ ಊರಿದೆ. ಅಲ್ಲಿಯ ಗುಡ್ಡದ ಮೇಲೆ ‘ಮೊಂತೆ ಮರಿಯಾನೊ’, ಎಂದರೆ ಮರಿಯಮ್ಮನ ಬೆಟ್ಟ, ಎಂಬ ಹೆಸರಿನ ಪುರಾತನ ದೇವಾಲಯವಿದೆ. ‘ಮೊಂತಿ’ ಎಂಬ ಹೆಸರು ಬಂದದ್ದು ಆ ಬೆಟ್ಟದಿಂದ. ಗೋವೆಯ ಗುರುಗಳಾಗಿದ್ದ ಫಾದರ್ ಜೊವಾಕಿಮ್ ಮಿರಾಂದಾ ಅವರು 1763ರಲ್ಲಿ ಅಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಕರಾವಳಿಯ ಪರಂಪರೆ ಹೇಳುತ್ತದೆ.

ಹಬ್ಬದ ಕ್ರಮ ಮಕ್ಕಳಿಗೆ ಅಚ್ಚುಮೆಚ್ಚು. ಒಂಬತ್ತು ದಿನ ಮೊದಲೇ ನವೇನ ಶುರುವಾಗುತ್ತದೆ. ಮಕ್ಕಳು ತಟ್ಟೆ ತುಂಬ ಹೂ ತಂದು ಬಾಲಮರಿಯಳಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ತೆನೆಗಳನ್ನು ಆಶೀರ್ವದಿಸಿ ಮೆರವಣಿಗೆಯಲ್ಲಿ ತಂದು, ಪೂಜೆಯಾದ ಮೇಲೆ ಮನೆಮನೆಗೂ ಕೊಡುತ್ತಾರೆ. ಮಕ್ಕಳ ಕೈಗೆ ಕಬ್ಬಿನ ತುಂಡು. ಮನೆಯಲ್ಲಿ ಹಿರಿಯರು ತೆನೆಯ ಕಾಳನ್ನು ಸುಲಿದು ಹಾಲಿಗೋ ಪಾಯಸಕ್ಕೋ ಸೇರಿಸಿ ಪ್ರಾರ್ಥನೆ ಮಾಡಿ ಹಂಚುತ್ತಾರೆ. ಆ ದಿನ ಮೀನು ಮಾಂಸವಿಲ್ಲ, ತರಕಾರಿಯ ಊಟ. ದೂರದ ಊರಲ್ಲಿ ಇರುವ ಮಗ ಮಗಳಿಗೆ ನಾಲ್ಕು ಕಾಳನ್ನು ಕಾಗದದಲ್ಲಿ ಮಡಿಸಿ ಅಂಚೆಯಲ್ಲಿ ಕಳಿಸುವ ಪದ್ಧತಿ ಅನೇಕ ಮನೆಗಳಲ್ಲಿತ್ತು. ಮುಂಬಯಿಯಲ್ಲೋ ಕುವೈತಿನಲ್ಲೋ ಲಕೋಟೆ ಒಡೆದು ಆ ಕಾಳನ್ನು ನೋಡಿದ ಮಗನಿಗೆ ತನ್ನ ಪಾಲು ಮನೆಯಲ್ಲಿ ಇನ್ನೂ ಇದೆ ಎಂಬುದು ತಿಳಿಯುತ್ತಿತ್ತು.

ಆದರೆ ಈ ಹಬ್ಬದ ಚರಿತ್ರೆಯಲ್ಲಿ ಒಂದು ಕತ್ತಲೆಯ ಅಧ್ಯಾಯವೂ ಇದೆ. 1784ರ ಫೆಬ್ರವರಿಯಲ್ಲಿ, ಬೂದಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸಾವಿರಾರು ಮಂದಿ ಸತ್ತರು. ಫಾದರ್ ಮಿರಾಂದಾ ಅವರನ್ನು ನಾಡಿನಿಂದ ಹೊರಗಟ್ಟಿದರು. ಬಹುತೇಕ ದೇವಾಲಯಗಳು ನೆಲಸಮವಾದವು. ಸೆರೆಯವರು ಬಿಡುಗಡೆಯಾದದ್ದು 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ. ಹದಿನೈದು ವರ್ಷ! ಹಾಲುಗಲ್ಲದ ಮಗುವಾಗಿ ಹೋದವನು ಮೀಸೆ ಚಿಗುರಿದ ಯುವಕನಾಗಿ ಬಂದ. ಬಂದವರಿಗೆ ಮನೆಯಿರಲಿಲ್ಲ, ಗುಡಿಯಿರಲಿಲ್ಲ, ಎಷ್ಟೋ ಮಂದಿಯ ಹೊಲಗದ್ದೆ ಬೇರೆಯವರ ಕೈಯಲ್ಲಿತ್ತು.

ಈ ಕಥೆಯನ್ನು ನಾವು ಹಗೆ ಬೆಳೆಸಲು ಹೇಳುತ್ತಿಲ್ಲ. ಅಂದಿನ ಅರಸರ ಯುದ್ಧ, ಸಂಶಯ, ರಾಜಕೀಯದ ಲೆಕ್ಕವನ್ನು ಇಂದಿನ ನೆರೆಹೊರೆಯವರ ಮೇಲೆ ಹೊರಿಸುವುದು ಕ್ರೈಸ್ತರಿಗೆ ತಕ್ಕದ್ದಲ್ಲ. ಕೃತಜ್ಞತೆ ಇನ್ನೊಂದು ಬಗೆಯಲ್ಲಿ ನೆನೆಯುತ್ತದೆ. ಅದು ಕತ್ತಲೆಯಲ್ಲಿ ದೀಪ ಹಿಡಿದವನು ಯಾರೆಂದು ಹುಡುಕುತ್ತದೆ. ಮೂಡುಬಿದಿರೆಯ ಬಳಿಯ ಹೊಸಬೆಟ್ಟುವಿನ ಪವಿತ್ರ ಶಿಲುಬೆಯ ದೇವಾಲಯ ಆ ಕಾಲದಲ್ಲಿ ಉಳಿದುಕೊಂಡಿತು. ಅದನ್ನು ಉಳಿಸಿದವರು ಮೂಡುಬಿದಿರೆಯ ಚೌಟ ಅರಸರು, ಧರ್ಮದಿಂದ ಜೈನರು. ಒಂದು ದೇವಾಲಯಕ್ಕಾಗಿ ಜೈನ ಅರಸನೊಬ್ಬ ಮಾತಾಡಿದ ಎಂಬುದು ನಾವು ಮಕ್ಕಳಿಗೆ ಹೇಳಬೇಕಾದ ಚರಿತ್ರೆ. ಸೆರೆಯ ಕಥೆ ಹೇಳಿ ಚೌಟರ ಕಥೆ ಬಿಟ್ಟರೆ ನಾವೂ ಆ ಒಂಬತ್ತು ಮಂದಿಯ ಸಾಲಿಗೇ ಸೇರುತ್ತೇವೆ.

ಮತ್ತೆ ಹೊಸ ತೆನೆ ಬಂತು, ಹಬ್ಬ ಉಳಿಯಿತು. ಎಲ್ಲವನ್ನೂ ಕಳೆದುಕೊಂಡ ಜನ ತೆನೆಯ ಹಬ್ಬವನ್ನು ಬಿಡಲಿಲ್ಲ. ಕಣಜ ತುಂಬಿದ ಮೇಲೆ ಕೃತಜ್ಞರಾಗುತ್ತೇವೆ ಎಂದು ಅವರು ಕಾದಿದ್ದರೆ ಆ ಹಬ್ಬ ಇಂದು ನಮಗೆ ಸಿಗುತ್ತಿರಲಿಲ್ಲ. ಒಂದು ತೆನೆ ಕೈಗೆ ಬಂದರೂ ಸಾಕು, ಕೊಟ್ಟವನನ್ನು ನೆನೆಯಲು.

ಬನಹಟ್ಟಿಯ ಮಗ್ಗದ ಮುಂದೆ

ಈಗ ನಮ್ಮ ಬನಹಟ್ಟಿಗೆ ಬರೋಣ. ಮೊದಲು ಕೇಳಿದ ಪ್ರಶ್ನೆ ಹಾಗೆಯೇ ಇದೆ. ಭತ್ತವಿಲ್ಲದ ಊರಲ್ಲಿ ತೆನೆ ಎಲ್ಲಿದೆ?

ನಮ್ಮ ಬಾಗಲಕೋಟೆ ಜಿಲ್ಲೆಯ ಇಳಕಲ್ಲ ಸೀರೆಯ ಸೆರಗನ್ನು ನೋಡಿದ್ದೀರಲ್ಲವೇ? ಕೆಂಪು ಸೆರಗಿನಲ್ಲಿ ಬಿಳಿಯ ವಿನ್ಯಾಸಗಳು. ಅದಕ್ಕೆ ‘ತೋಪು ತೆನಿ’ ಎನ್ನುತ್ತಾರೆ. ಜೋಳದ ತೆನೆಯೇ ಅಲ್ಲಿ ಸೆರಗಾಗಿ ಬಂದಿದೆ. ನಮ್ಮ ತಾಯಂದಿರು ತಲೆಯ ಮೇಲೆ ಹೊದ್ದುಕೊಂಡು ಪೂಜೆಗೆ ಬರುವ ಸೆರಗಿನಲ್ಲಿಯೇ ತೆನೆಯಿದೆ! ಆ ಸೀರೆಯಲ್ಲಿ ಇನ್ನೊಂದು ವಿಶೇಷವಿದೆ. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಮಾಡಿ, ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೆ ‘ಕೊಂಡಿ’ ಎಂದು ಹೆಸರು. ಒಂದೊಂದು ಎಳೆಯನ್ನೂ ಇನ್ನೊಂದಕ್ಕೆ ಕೈಯಿಂದಲೇ ಜೋಡಿಸುವ ಆ ತಾಳ್ಮೆಯನ್ನು ಸೀರೆ ಉಡುವವರಲ್ಲಿ ಎಷ್ಟು ಮಂದಿ ನೆನೆಯುತ್ತೇವೆ?

ಬನಹಟ್ಟಿ ಮತ್ತು ರಬಕವಿಯ ನೇಯ್ಗೆಯ ಹಿಂದೆಯೂ ಹಾಗೆಯೇ ಎಷ್ಟೋ ಕೈಗಳಿವೆ. ಹತ್ತಿ ಬೆಳೆದವನು ಎಲ್ಲೋ ಇದ್ದಾನೆ. ನೂಲು ತೆಗೆದವರು, ಬಣ್ಣ ಹಾಕಿದವರು, ಹಾಸು ಹೂಡಿದವರು, ಮನೆಯ ಮೂಲೆಯಲ್ಲಿ ಕುಳಿತು ಕಂಡಿಕೆ ಸುತ್ತಿದ ಅಜ್ಜಿ, ಶಾಲೆಯಿಂದ ಬಂದು ಆ ಅಜ್ಜಿಗೆ ಲಡಿ ಹಿಡಿದುಕೊಟ್ಟ ಮೊಮ್ಮಗಳು, ಲಾಳಿ ಓಡಿಸಿದ ನೇಕಾರ. ಹಿಂದೆ ಕುಣಿಮಗ್ಗದ ಮೇಲೆ ಕೈಯಿಂದ ನಡೆದ ಕೆಲಸ ಇಂದು ಬಹುಪಾಲು ವಿದ್ಯುತ್ ಮಗ್ಗಗಳಲ್ಲಿ ನಡೆಯುತ್ತದೆ. ಆದರೂ ಕಡಿದ ಎಳೆಯನ್ನು ಹುಡುಕಿ ಗಂಟು ಹಾಕಲು ಮನುಷ್ಯನ ಬೆರಳೇ ಬೇಕು.

ನಮ್ಮ ಭಾಷೆಯಲ್ಲಿ ‘ಹಾಸುಹೊಕ್ಕು’ ಎಂಬ ಮಾತು ನೇಕಾರರ ಮನೆಯಿಂದ ಬಂದದ್ದು. ಉದ್ದಕ್ಕೆ ಇರುವುದು ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಹಾಸು ಮೊದಲೇ ಹೂಡಿಟ್ಟಿರುತ್ತದೆ. ನೇಕಾರ ಮಗ್ಗಕ್ಕೆ ಕೂರುವ ಮೊದಲೇ ಅದು ಸಿದ್ಧ. ನಮ್ಮ ಬದುಕಿನ ಹಾಸೂ ಹಾಗೆಯೇ. ಜೀವ, ತಾಯಿತಂದೆ, ಭಾಷೆ, ಜ್ಞಾನಸ್ನಾನದಲ್ಲಿ ಸಿಕ್ಕ ವಿಶ್ವಾಸ, ಇವನ್ನು ನಾವು ಹೂಡಲಿಲ್ಲ. ನಾವು ದುಡಿದದ್ದು ಎಂದು ಹೇಳಿಕೊಳ್ಳುವುದೆಲ್ಲ ಆ ಹಾಸಿನೊಳಗೆ ಅಡ್ಡ ಹಾಯಿಸಿದ ಹೊಕ್ಕು ಮಾತ್ರ. ಪಡೆಯದೆ ಬಂದದ್ದು ನಿಮ್ಮಲ್ಲಿ ಏನಿದೆ ಎಂದು ಸಂತ ಪೌಲರು ಕೊರಿಂಥದ ವಿಶ್ವಾಸಿಗಳನ್ನು ಕೇಳಿದ್ದು ಇದನ್ನೇ.

ನಾವು ಕಟ್ಟದ ಅಣೆಕಟ್ಟು

ಹೊಲದ ಕಡೆಗೂ ಒಮ್ಮೆ ನೋಡೋಣ. ಇಂದು ಕೃಷ್ಣೆಯ ದಂಡೆಯಲ್ಲಿ ಕಣ್ಣು ಹಾಯುವಷ್ಟು ದೂರ ಕಬ್ಬು. ಇದು ಯಾವಾಗಲೂ ಹೀಗಿತ್ತೆಂದು ಇಂದಿನ ಮಕ್ಕಳು ತಿಳಿದಿದ್ದಾರೆ. ಹಿರಿಯರನ್ನು ಕೇಳಿ. ಮಳೆಗಾಲದಲ್ಲಿ ದಂಡೆ ಮೀರಿ ಹರಿದ ಅದೇ ಕೃಷ್ಣೆ ಬೇಸಿಗೆ ಬಂತೆಂದರೆ ಬತ್ತಿ ಮರಳಾಗುತ್ತಿದ್ದಳು. ಹೊಳೆಯ ಪಕ್ಕದಲ್ಲಿದ್ದೂ ಹೊಲ ಒಣಗುತ್ತಿತ್ತು.

ಆಗ ಜಮಖಂಡಿ ತಾಲ್ಲೂಕಿನ ರೈತರು ಸರಕಾರದ ಕಡೆ ನೋಡುತ್ತಾ ಕೂರಲಿಲ್ಲ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ಹಣ ಕೂಡಿಸಿದರು, ತಾವೇ ಬುಟ್ಟಿ ಹೊತ್ತರು, ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದರು. 1989ರಲ್ಲಿ ಅದು ಪೂರ್ಣವಾಯಿತು. ಅದರ ಹೆಸರು ‘ಶ್ರಮಬಿಂದು ಸಾಗರ’. ಬೆವರಿನ ಹನಿಗಳೇ ಸಾಗರವಾದವು ಎಂಬ ಅರ್ಥದ ಹೆಸರು. ನ್ಯಾಮಗೌಡರನ್ನು ಜನ ಪ್ರೀತಿಯಿಂದ ‘ಬ್ಯಾರೇಜ್ ಸಿದ್ದು’ ಎಂದೇ ಕರೆದರು. 2018ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು. ಅಂದು ಬುಟ್ಟಿ ಹೊತ್ತ ಎಷ್ಟೋ ರೈತರ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಆದರೆ ಅವರು ನಿಲ್ಲಿಸಿದ ನೀರು ಇಂದಿಗೂ ಕಬ್ಬಿನ ಬುಡದಲ್ಲಿದೆ.

ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದಲ್ಲಿ ಮೋಶೆ ಜನರಿಗೆ ಎಚ್ಚರಿಕೆ ಕೊಡುತ್ತಾನೆ. ನೀವು ಕಟ್ಟದ ಮನೆಗಳು, ತೋಡದ ಬಾವಿಗಳು, ನೆಡದ ತೋಟಗಳು ನಿಮಗೆ ಸಿಗುತ್ತವೆ, ಹೊಟ್ಟೆ ತುಂಬಿದಾಗ ಕೊಟ್ಟ ದೇವರನ್ನು ಮರೆತೀರಿ, ಜೋಕೆ ಎಂಬುದು ಆ ಎಚ್ಚರಿಕೆಯ ತಾತ್ಪರ್ಯ. ಮರೆವು ಹಸಿವಿನಲ್ಲಿ ಬರುವುದಕ್ಕಿಂತ ತೃಪ್ತಿಯಲ್ಲಿ ಹೆಚ್ಚಾಗಿ ಬರುತ್ತದೆ ಎಂಬುದನ್ನು ಮೋಶೆ ಬಲ್ಲವನಾಗಿದ್ದ. ಕಬ್ಬಿನ ಬಿಲ್ಲು ಕೈಗೆ ಬಂದ ದಿನ ನಾವು ಬ್ಯಾರೇಜಿಗೆ ಕಲ್ಲು ಹೊತ್ತವನನ್ನು ನೆನೆಯುತ್ತೇವೆಯೇ?

ನಮ್ಮ ನೆರೆಯ ರೈತ ಕುಟುಂಬಗಳು ಎಳ್ಳು ಅಮಾವಾಸ್ಯೆಯ ದಿನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ‘ಚರಗ’ ಚೆಲ್ಲುತ್ತವೆ. ಹೋಳಿಗೆ, ಕಡುಬು, ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಎಲ್ಲದರಲ್ಲಿಯೂ ಮೊದಲ ಪಾಲು ನೆಲಕ್ಕೆ, ಆಮೇಲೆ ಮನೆಯವರಿಗೆ, ಹಾದಿಯಲ್ಲಿ ಹೋಗುವವರಿಗೂ ಒಂದು ತುತ್ತು. ನಾವು ಭೂಮಿಯನ್ನು ಪೂಜಿಸುವುದಿಲ್ಲ, ಭೂಮಿಯನ್ನು ಸೃಷ್ಟಿಸಿದವರನ್ನು ಆರಾಧಿಸುತ್ತೇವೆ. ಆದರೂ ಉಣ್ಣುವ ಮೊದಲು ಕೊಟ್ಟವರ ಪಾಲನ್ನು ತೆಗೆದಿಡಬೇಕೆಂಬ ಆ ನಡತೆಯನ್ನು ನೆರೆಯವರಿಂದ ಕಲಿಯಲು ನಾವು ನಾಚಬೇಕಾಗಿಲ್ಲ. ಹಿಂತಿರುಗಿ ಬಂದವನು ಸಮಾರಿಯದವನೇ ಅಲ್ಲವೇ?

ಕೃತಜ್ಞತೆ ಕಣ್ಣು ಮುಚ್ಚುವುದಲ್ಲ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಷ್ಟದಲ್ಲಿರುವವನಿಗೆ ಕೃತಜ್ಞನಾಗಿರು ಎಂದು ಉಪದೇಶ ಮಾಡುವುದು ನ್ಯಾಯವೇ? 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಟ್ಟಿಗೇ ಉಕ್ಕಿ ಬಂದಾಗ ಈ ಭಾಗದ ಹಳ್ಳಿಗಳಲ್ಲಿ ಮನೆ, ದನಕರು, ಬೆಳೆ ನೀರುಪಾಲಾದವು. ಮರುವರ್ಷವೇ, 2020ರಲ್ಲಿ, ಕೊರೊನಾ ಲಾಕ್‌ಡೌನ್ ಬಂದು ಮಗ್ಗಗಳ ಸದ್ದು ನಿಂತುಹೋಯಿತು. ನೇಯ್ದ ಸೀರೆಗೆ ಕೊಳ್ಳುವವರಿಲ್ಲ, ನೇಕಾರನಿಗೆ ಕೂಲಿಯಿಲ್ಲ. ಆ ದಿನಗಳಲ್ಲಿ ಖಾಲಿ ಮಗ್ಗದ ಮುಂದೆ ಕುಳಿತವನಿಗೆ ದೇವರನ್ನು ವಂದಿಸು ಎಂದು ಹೇಳುವ ಧೈರ್ಯ ಯಾರಿಗಿತ್ತು?

ಧರ್ಮಸಭೆ ಅಂಥ ಮಾತನ್ನು ಹೇಳುವುದಿಲ್ಲ. ಕೀರ್ತನೆಗಳಲ್ಲಿ ಸ್ತುತಿಯ ಜೊತೆಗೆ ಅಳುವೂ ಇದೆ. ಕೃತಜ್ಞತೆ ಎಂದರೆ ಆದದ್ದೆಲ್ಲ ಒಳ್ಳೆಯದೇ ಎಂದು ಕಣ್ಣು ಮುಚ್ಚಿಕೊಳ್ಳುವುದಲ್ಲ. ನೆರೆಯ ನೀರಿನಲ್ಲಿ ನಡೆದು ಬಂದು ಕೈಹಿಡಿದವರು ಯಾರು, ಕಾಳಜಿ ಕೇಂದ್ರದಲ್ಲಿ ಅನ್ನ ಬಡಿಸಿದವರು ಯಾರು, ಸಾಲ ಕೇಳಲು ನಾಚಿದಾಗ ಹಿಟ್ಟಿನ ಡಬ್ಬಿ ತಂದಿಟ್ಟ ಪಕ್ಕದ ಮನೆಯವರು ಯಾರು ಎಂದು ನೆನೆಯುವುದು ಕೃತಜ್ಞತೆ. ಆ ಕೈಗಳಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಎಂಬ ಭೇದವಿರಲಿಲ್ಲ.

ಇನ್ನೊಂದು ಕಹಿ ಮಾತನ್ನೂ ಹೇಳಲೇಬೇಕು. ದೇವರಿಗೆ ವಂದನೆ ಸಲ್ಲಿಸಿ, ಕೆಲಸದವರಿಗೆ ಕೂಲಿ ಬಾಕಿ ಇಟ್ಟರೆ ಅದು ಕೃತಜ್ಞತೆಯಲ್ಲ. ಕೊಯ್ಲು ಮಾಡಿದವರಿಗೆ ತಡೆಹಿಡಿದ ಕೂಲಿ ದೇವರ ಕಿವಿಗೆ ಮುಟ್ಟುವಂತೆ ಕೂಗುತ್ತದೆ ಎಂದು ಸಂತ ಯಕೋಬರ ಪತ್ರ ಎಚ್ಚರಿಸುತ್ತದೆ. ಹದಿಮೂರನೆಯ ಲಿಯೋ ಪೋಪರು 1891ರಲ್ಲಿ ಹೊರಡಿಸಿದ ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರದಲ್ಲಿ ಈ ಮಾತನ್ನು ಕೈಗೆತ್ತಿಕೊಂಡು, ದುಡಿಯುವವನಿಗೆ ನ್ಯಾಯವಾದ ಕೂಲಿ ಸಲ್ಲಲೇಬೇಕೆಂದು ಸ್ಪಷ್ಟವಾಗಿ ಹೇಳಿದರು. 2025ರಲ್ಲಿ ಆಯ್ಕೆಯಾದ ಪೋಪರು ಹದಿನಾಲ್ಕನೆಯ ಲಿಯೋ ಎಂಬ ಹೆಸರು ಇಟ್ಟುಕೊಂಡದ್ದೂ ಆ ಲಿಯೋ ಅವರನ್ನು ನೆನೆದೇ. ಸೀರೆಯ ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಚೌಕಾಸಿ ಮಾಡುವಾಗ ಆ ಐವತ್ತು ಯಾರ ಕೈಯಿಂದ ಹೋಗುತ್ತದೆ ಎಂದು ಯೋಚಿಸುವುದೂ ಪ್ರಾರ್ಥನೆಯೇ.

ದಿನದಿನದ ಅಭ್ಯಾಸ

ಹಬ್ಬ ವರ್ಷಕ್ಕೊಮ್ಮೆ. ಉಳಿದ ದಿನಗಳಲ್ಲಿ ಏನು ಮಾಡೋಣ? ಜೇಸು ಸಭೆಯನ್ನು ಸ್ಥಾಪಿಸಿದ ಸಂತ ಇಗ್ನಾಸಿಯವರು 1542ರಲ್ಲಿ ಬರೆದ ಒಂದು ಪತ್ರದಲ್ಲಿ ಕೃತಘ್ನತೆಯೇ ಎಲ್ಲ ಪಾಪಗಳ ಮೂಲವೆಂಬ ಅಭಿಪ್ರಾಯವನ್ನು ಹೇಳಿದ್ದಾರೆ. ಅವರು ಕಲಿಸಿದ ಆತ್ಮಶೋಧನೆಯ ಮೊದಲ ಹೆಜ್ಜೆ ಪಾಪದ ಲೆಕ್ಕವಲ್ಲ, ಪಡೆದ ವರಗಳಿಗಾಗಿ ದೇವರಿಗೆ ವಂದನೆ. ಮೊದಲು ಪಡೆದದ್ದನ್ನು ನೆನೆದವನು ತನ್ನ ತಪ್ಪನ್ನೂ ಸರಿಯಾಗಿ ಕಾಣುತ್ತಾನೆ ಎಂಬುದು ಅವರ ಅನುಭವ.

ಇದನ್ನು ನಮ್ಮ ಮನೆಗಳಲ್ಲಿ ಸುಲಭವಾಗಿ ಅಳವಡಿಸಿಕೊಳ್ಳಬಹುದು. ಊಟಕ್ಕೆ ಕುಳಿತಾಗ ಶಿಲುಬೆಯ ಗುರುತು ಹಾಕಿ ಪ್ರಾರ್ಥಿಸುತ್ತೇವೆ. ಅದರ ಜೊತೆಗೆ ಮನೆಯ ಒಬ್ಬರು ಒಂದು ಕೈಯನ್ನು ನೆನೆಯಲಿ. ಈ ರೊಟ್ಟಿ ಬಡಿದ ತಾಯಿಯ ಕೈ, ಜೋಳ ಬಿತ್ತಿದವನ ಕೈ, ನೀರು ಬಿಡುವ ನೀರಗಂಟಿಯ ಕೈ. ದಿನಕ್ಕೊಂದರಂತೆ ನೆನೆದರೂ ವರ್ಷ ಮುಗಿದಾಗ ಕೈಗಳು ಮುಗಿದಿರುವುದಿಲ್ಲ. ರಾತ್ರಿ ಜಪಸರದ ಪ್ರಾರ್ಥನೆಯಾದ ಮೇಲೆ ಆ ದಿನ ತಮಗೆ ಯಾರು ಒಳ್ಳೆಯದು ಮಾಡಿದರು ಎಂದು ಮಕ್ಕಳು ಹೇಳಲಿ. ಮೊದಲು ಅವರಿಗೆ ನಾಚಿಕೆಯಾಗಬಹುದು. ಸ್ವಲ್ಪ ದಿನ ಕಳೆದರೆ ಬೆಳಿಗ್ಗೆಯಿಂದಲೇ ಹುಡುಕಲು ಶುರು ಮಾಡುತ್ತಾರೆ.

ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಮನೆಯ ಚರಿತ್ರೆಯನ್ನು ಕೇಳೋಣ. ಮೊದಲು ಈ ಊರಿಗೆ ಬಂದವರು ಯಾರು, ಜಾಗ ಕೊಟ್ಟವರು ಯಾರು, ವಿಶ್ವಾಸವನ್ನು ಕಲಿಸಿದ ಉಪದೇಶಿ ಯಾರು, ಶಾಲೆಯ ಫೀಸು ಕಟ್ಟಿದವರು ಯಾರು? ಅದನ್ನು ಒಂದು ವಹಿಯಲ್ಲಿ ಬರೆದಿಡೋಣ. ನಮ್ಮ ಬೆಳಗಾವಿ ಧರ್ಮಪ್ರಾಂತ್ಯವು 1953ರಲ್ಲಿ ಸ್ಥಾಪನೆಯಾದಾಗಿನಿಂದ ಎಷ್ಟೋ ಗುರುಗಳು, ಕನ್ಯಾಸ್ತ್ರೀಯರು ತಮ್ಮ ಊರು ಬಿಟ್ಟು ಬಂದು ಈ ಕರಿಮಣ್ಣಿನ ನಾಡಿನಲ್ಲಿ ದುಡಿದು ಇಲ್ಲಿಯೇ ಮಣ್ಣಾಗಿದ್ದಾರೆ. ಅವರ ಸಮಾಧಿಗೆ ನವೆಂಬರ್ ತಿಂಗಳಲ್ಲಿ ಒಂದು ಮೇಣದ ಬತ್ತಿ ಹಚ್ಚುವುದು ದೊಡ್ಡ ಖರ್ಚಲ್ಲ.

ಯಾವ ತೆನೆ?

ಈಗ ಆ ಮಗುವಿನ ಪ್ರಶ್ನೆಗೆ ಉತ್ತರ ಹೇಳೋಣ. ತೆನೆ ಹಬ್ಬದ ದಿನ ಪೀಠದ ಮುಂದೆ ಏನಿಡಬೇಕು? ಹೊಲವಿದ್ದವನು ಆ ಹೊತ್ತಿಗೆ ಬಂದ ಸಜ್ಜೆಯ ತೆನೆಯನ್ನೋ ಗೋವಿನಜೋಳದ ತೆನೆಯನ್ನೋ ತರಲಿ. ಕಬ್ಬು ಬೆಳೆದವನು ಒಂದು ಕಬ್ಬಿನ ಜಲ್ಲೆ ತರಲಿ, ಮಕ್ಕಳಿಗೆ ಹಂಚಲೂ ಆಯಿತು. ಮಗ್ಗದ ಮನೆಯ ಮಗು ನೂಲು ಸುತ್ತಿದ ಒಂದು ಕಂಡಿಕೆಯನ್ನು ತರಲಿ. ಅದೇ ಅದರ ತೆನೆ. ಸೀರೆಯ ಸೆರಗಿನಲ್ಲಿ ತೆನೆಯನ್ನು ಅರಳಿಸುವ ನೇಕಾರರ ನಾಡಿನಲ್ಲಿ ಇದು ಅರ್ಥವಾಗದ ಮಾತೇನಲ್ಲ. ಆದರೆ ಸುಮ್ಮನೆ ಇಟ್ಟು ಬರಬಾರದು. ಅದರ ಕಥೆಯನ್ನೂ ಆ ಮಗು ತಿಳಿದಿರಬೇಕು. ನೂಲು ಎಲ್ಲಿಂದ ಬಂತು, ಅದನ್ನು ಸುತ್ತಿದ ಅಜ್ಜಿಯ ಬೆರಳು ಎಷ್ಟು ಸವೆದಿದೆ, ಲಾಕ್‌ಡೌನಿನಲ್ಲಿ ಮನೆಗೆ ಹಿಟ್ಟು ಕೊಟ್ಟವರು ಯಾರು ಎಂದು ತಿಳಿದಿರಬೇಕು. ಪೂಜೆ ಮುಗಿದು ಮನೆಗೆ ಹೋದ ಮೇಲೆ ಪಾಯಸದಲ್ಲಿ ಒಂದು ಪಾಲು ಪಕ್ಕದ ಮನೆಗೆ, ಇನ್ನೊಂದು ಪಾಲು ದೂರವಿರುವವರ ಹೆಸರಿನಲ್ಲಿ.

ಮಾತೆ ಮರಿಯಮ್ಮನವರು ತಮ್ಮ ಬಂಧು ಎಲಿಜಬೇತಮ್ಮನ ಮನೆಯ ಹೊಸ್ತಿಲಲ್ಲಿ ನಿಂತು ಹಾಡಿದ ಸ್ತುತಿಯೂ ಹೀಗೆಯೇ ಇದೆ. ತನಗಾದ ಉಪಕಾರದಿಂದ ಶುರುವಾಗಿ, ಹಸಿದವರಿಗೆ ಸಿಕ್ಕ ತೃಪ್ತಿಯನ್ನು ನೆನೆದು, ಅಬ್ರಹಾಮನ ಕಾಲದ ವಾಗ್ದಾನದವರೆಗೆ ಅದು ಹಿಂದಕ್ಕೆ ಹೋಗುತ್ತದೆ. ಹದಿ ಹರೆಯದ ಆ ಹೆಣ್ಣುಮಗಳಿಗೆ ತನ್ನ ಜನರ ಚರಿತ್ರೆ ಬಾಯಿಪಾಠವಾಗಿತ್ತು, ಆದ್ದರಿಂದಲೇ ಅವಳ ಕೃತಜ್ಞತೆಗೆ ಅಷ್ಟು ಆಳವಿತ್ತು.

ಆ ತಾಯಿಯ ಹುಟ್ಟುಹಬ್ಬದ ಈ ದಿನಗಳಲ್ಲಿ ನಾವೂ ಸ್ವಲ್ಪ ನಿಲ್ಲೋಣ. ಮನೆಯ ಕಡೆ ಓಡುವ ಒಂಬತ್ತು ಮಂದಿಯ ನಡುವಿನಿಂದ ಹಿಂತಿರುಗೋಣ. ನಮಗಾಗಿ ಬಿತ್ತಿದ, ನೇಯ್ದ, ಕಟ್ಟಿದ, ಕಾಪಾಡಿದ ಕೈಗಳನ್ನು ಒಂದೊಂದಾಗಿ ನೆನೆದು, ಆ ಎಲ್ಲ ಕೈಗಳ ಹಿಂದಿರುವ ದೇವರ ಕೈಯನ್ನು ಕಾಣುವ ಕಣ್ಣನ್ನು ಪ್ರಭು ನಮಗೆ ದಯಪಾಲಿಸಲಿ. ಎಲ್ಲ ಕುಟುಂಬಗಳಿಗೂ ತೆನೆ ಹಬ್ಬದ ಹಾರ್ದಿಕ ಶುಭಾಶಯಗಳು.